ಎಡಗಡೆಯ ಪಿಟೀಲು

ಐದು ತಿಂಗಳಲ್ಲಿ ನಾನೂ ನನ್ನ ಗೆಳೆಯನೂ ಏಳು ಸ್ಟೀರಿಯೋ ರಿಸೀವರ್‌ಗಳನ್ನು ಕೇಳಿ ನೋಡಿದೆವು. ಮೊದಲ ಆರನ್ನು ಅವನು ಒಂದೇ ಕಾರಣಕ್ಕೆ ಬೇಡವೆಂದ: ಎಡಗಡೆ ಸದ್ದು ಕಮ್ಮಿ. ಆರರಲ್ಲಿ ಒಂದರಲ್ಲೂ ಆ ದೋಷ ಇರಲಿಲ್ಲ. ದೋಷವಿದ್ದದ್ದು ಅವನ ಎಡಗಿವಿಯಲ್ಲಿ, ಅದರ ಹಿಂದೆ ಬೆಳೆಯುತ್ತಿದ್ದ ಗೆಡ್ಡೆಯಲ್ಲಿ. ಅದು ತಿಳಿಯುವ ಹೊತ್ತಿಗೆ ತಡವಾಗಿತ್ತು. ಅವನು ಹೋಗಿ ಆರು ವಾರವಾಯಿತು. ಕೊನೆಗೆ ಹೇಳಬೇಕಾದ್ದನ್ನು ಮೊದಲೇ ಹೇಳಿಬಿಟ್ಟಿದ್ದೇನೆ. ಓದುವವರನ್ನು ಕಾಯಿಸಿ ಬೆಚ್ಚಿಬೀಳಿಸುವ ಆಸೆ ನನಗಿಲ್ಲ. ಆ ಐದು ತಿಂಗಳಲ್ಲಿ ನಾನು ಒಂದು ಸಣ್ಣ ಸುಳ್ಳು ಹೇಳಿದೆ. ಹೇಳಿದ್ದು ಸುಳ್ಳನ್ನು ಕಂಡರೆ ಆಗದ ಮನುಷ್ಯನಿಗೆ. ಅದನ್ನು ಬರೆದಿಡಬೇಕಾಗಿದೆ.

ಅವನ ಕಸುಬು ತಕ್ಕಡಿ ರಿಪೇರಿ. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ, ನನ್ನ ಹಳೇ ಪುಸ್ತಕದ ಅಂಗಡಿಗೆ ಅಂಟಿಕೊಂಡೇ ಅವನ ಅಂಗಡಿ. ನಡುವೆ ಒಂದೇ ಗೋಡೆ. ಒಳಗೆ ಕಾಲಿಡಲು ಜಾಗವಿಲ್ಲದಂತೆ ದಂಡಗಳು, ತಟ್ಟೆಗಳು, ಸರಪಳಿಗಳು, ಸೀಸದ ಚೂರುಗಳು. ಮೂಲೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಗಾಳಿ ತಾಗದಂತೆ ಇಟ್ಟ ಒಂದು ಪುಟ್ಟ ತಕ್ಕಡಿ. ತೂಕದ ಬಟ್ಟುಗಳನ್ನು ಅವನು ಬರಿಗೈಯಲ್ಲಿ ಮುಟ್ಟುತ್ತಿರಲಿಲ್ಲ. "ಕೈ ಬೆವರೂ ತೂಕಾನೇ" ಎನ್ನುತ್ತಿದ್ದ. ಬೇರೆಯವರು ಸರಿಯಾಯಿತು ಎಂದು ಬಿಟ್ಟ ಕೆಲಸವನ್ನು ಅವನು ಮತ್ತೆ ಕೈಗೆತ್ತಿಕೊಂಡು, "ಗುಲಗಂಜಿಯಷ್ಟು ಹೆಚ್ಚಿದೆ" ಎಂದು ಅರ ಹಾಕಿ ಉಜ್ಜುತ್ತ ಕೂರುತ್ತಿದ್ದ. ಹಾಗಾಗಿ ಮಾರುಕಟ್ಟೆಯವರು ಅವನಿಗೆ ಗುಲಗಂಜಿ ಎಂದೇ ಹೆಸರಿಟ್ಟರು. ಎದುರಿಗೇ ಹಾಗೆ ಕೂಗುತ್ತಿದ್ದರು, ಅವನೂ ಓಗೊಡುತ್ತಿದ್ದ.

ನಮ್ಮ ಸ್ನೇಹ ಶುರುವಾದದ್ದು ಜಗಳದಿಂದ. ಮೂವತ್ತು ವರ್ಷದ ಹಿಂದೆ, ನಾನು ಅಂಗಡಿ ತೆರೆದ ಹೊಸತರಲ್ಲಿ, ಹಳೇ ಪುಸ್ತಕಗಳನ್ನು ತೂಕಕ್ಕೆ ಕೊಳ್ಳುತ್ತಿದ್ದೆ. ಒಂದು ದಿನ ಗೋಡೆಯಾಚೆಯಿಂದ ಎದ್ದು ಬಂದ ಇವನು ನನ್ನ ತಕ್ಕಡಿಯ ತಟ್ಟೆಯನ್ನು ಬೋರಲು ಹಾಕಿ, ತಳಕ್ಕೆ ಮೆತ್ತಿಕೊಂಡಿದ್ದ ಅಂಟಿನ ಗಟ್ಟಿಯನ್ನು ಉಗುರಿನಿಂದ ಕಿತ್ತು ನನ್ನ ಮೇಜಿನ ಮೇಲಿಟ್ಟ.

"ನಿನ್ನ ತಕ್ಕಡಿ ಸುಳ್ಳು ಹೇಳ್ತಿದೆ ಕಣಯ್ಯ."

"ನನಗೆ ಗೊತ್ತಿರಲಿಲ್ಲ."

"ಅದಕ್ಕೆ ನಿನ್ನ ಬೈತಿಲ್ಲ, ತಕ್ಕಡೀನ ಬೈತಿದ್ದೀನಿ" ಎಂದು ಹೇಳಿ ಹೋದ. ನನಗೆ ಮೈಯೆಲ್ಲ ಉರಿಯಿತು. ಸಂಜೆ ಅವನೇ ಬಂದು ಒಂದು ಪುಸ್ತಕ ಎರವಲು ಕೇಳಿದ.

ಅವನ ಕೆಲಸದಲ್ಲಿ ಒಂದು ಪರೀಕ್ಷೆಯಿತ್ತು. ಅದನ್ನು ನಾನು ಸಾವಿರ ಸಲ ನೋಡಿದ್ದೇನೆ. ಈರುಳ್ಳಿ ಮಾರುವ ಹೆಂಗಸೊಬ್ಬಳು ಒಮ್ಮೆ ತಕ್ಕಡಿ ಹೊತ್ತು ತಂದು ಕೂಗಾಡಿದಳು. "ಏನೋ ಗುಲಗಂಜಿ, ಇದು ವಾಲತ್ತೆ ಅಂತ ಗಿರಾಕಿಗಳು ನನ್ನ ಮಾನ ಕಳೀತಿದಾರೆ. ತಕ್ಕಡಿ ಕೆಟ್ಟಿದ್ಯೋ ಕಲ್ಲು ಕೆಟ್ಟಿದ್ಯೋ ನೀನೇ ಹೇಳು."

ಇವನು ಒಂದು ತಟ್ಟೆಯಲ್ಲಿ ಅವಳ ಕಲ್ಲು, ಇನ್ನೊಂದರಲ್ಲಿ ಅಷ್ಟೇ ತೂಕದ ತನ್ನ ಬಟ್ಟು ಇಟ್ಟ. ಮುಳ್ಳು ಬಲಕ್ಕೆ ವಾಲಿತು. ಎರಡನ್ನೂ ಅದಲು ಬದಲು ಮಾಡಿದ. ಮುಳ್ಳು ಮತ್ತೆ ಬಲಕ್ಕೇ ವಾಲಿತು.

"ನೋಡಮ್ಮ. ಕಲ್ಲು ತಪ್ಪಾಗಿದ್ರೆ ಈಗ ಎಡಕ್ಕೆ ವಾಲಬೇಕಾಗಿತ್ತು. ಏನು ಬದಲಾಯಿಸಿದ್ರೂ ಅದೇ ಕಡೆ ವಾಲಿದ್ರೆ ಕೆಟ್ಟಿರೋದು ದಂಡ. ನಿನ್ನ ಕಲ್ಲು ನಿನ್ನಷ್ಟೇ ಸಾಚಾ."

"ಹಾಗಾದ್ರೆ ಪೂರ್ತಿ ಸಾಚಾ ಅಲ್ಲ ಬಿಡು" ಎಂದು ಅವಳು ನಕ್ಕಳು.

ಈ ಪರೀಕ್ಷೆ ಅವನಿಗೆ ಉಸಿರಾಟದಷ್ಟು ಸಲೀಸು. ಪ್ರಪಂಚದ ಯಾವ ಜಗಳ ಬಂದರೂ ಅವನು ಮೊದಲು ಎರಡು ಕಡೆಯನ್ನೂ ಅದಲು ಬದಲು ಮಾಡಿ ನೋಡುತ್ತಿದ್ದ. ಅದನ್ನು ತನ್ನ ಮೇಲೆ ಮಾತ್ರ ತಡವಾಗುವವರೆಗೆ ಮಾಡಿಕೊಳ್ಳಲಿಲ್ಲ. ನಾನಾದರೂ ಹೇಳಬಹುದಿತ್ತು.

ಅವನಿಗೆ ಮಕ್ಕಳಿಲ್ಲ. ಅವನ ಹೆಂಡತಿ, ನಾನು ಅತ್ತಿಗೆ ಎನ್ನುತ್ತೇನೆ, ಒಂದು ಟೈಲರ್ ಅಂಗಡಿಗೆ ಮನೆಯಲ್ಲೇ ಕೂತು ಕಾಜಾ ಹೊಲಿದುಕೊಡುತ್ತಾಳೆ. ಲಾಂಡ್ರಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆಯ ಮನೆ. ಇಸ್ತ್ರಿಯ ಬಿಸಿ ನೆಲದಿಂದ ಮೇಲೆ ಬರುತ್ತದೆ. ಮುಂದಿನ ಕೋಣೆಯ ಕಿಟಕಿಯ ಆಚೀಚೆ ಎರಡು ಸ್ಪೀಕರ್, ನಡುವೆ ರೆಕಾರ್ಡ್ ಪ್ಲೇಯರ್, ಎದುರಿಗೆ ಇಬ್ಬರು ಕೂರುವ ಬೆತ್ತದ ಬೆಂಚು. ಸಂಜೆ ಆರಕ್ಕೆ ಅವನು ಅಂಗಡಿ ಮುಚ್ಚಿ ಬರುತ್ತಿದ್ದ, ಅವಳು ಸೂಜಿ ಕೆಳಗಿಡುತ್ತಿದ್ದಳು, ಇಬ್ಬರೂ ಒಂದು ಗಂಟೆ ಸಂಗೀತ ಕೇಳುತ್ತಿದ್ದರು. ಅವಳು ಎಡಕ್ಕೆ, ಅವನು ಬಲಕ್ಕೆ. ಮದುವೆಯಾದಂದಿನಿಂದ ಅದೇ.

ಅವರ ಬಳಿ ರೆಕಾರ್ಡುಗಳು ಬಹಳವಿರಲಿಲ್ಲ. ಇದ್ದವುಗಳಲ್ಲಿ ಒಂದು, ಅಂಚು ಸವೆದದ್ದು, ಎರಡು ಪಿಟೀಲಿನದು. ಎಡಗಡೆಯ ಸ್ಪೀಕರಿನಲ್ಲಿ ಒಂದು ಪಿಟೀಲು ಏನೋ ಕೇಳುತ್ತದೆ. ಬಲಗಡೆಯದು ಸ್ವಲ್ಪ ತಡೆದು ಉತ್ತರ ಕೊಡುತ್ತದೆ. ಅತ್ತಿಗೆ ಹೇಳುತ್ತಿದ್ದಳು, "ಎಡಗಡೇದು ನಾನು ಅಣ್ಣ, ಬಲಗಡೇದು ಇವರು. ನಾನು ಮೂರು ಸಲ ಕೇಳಿದ ಮೇಲೆ ಒಂದು ಸಲ ಬಾಯಿ ಬಿಡ್ತಾರೆ."

"ಬಿಟ್ಟಾಗ ಸರಿಯಾದ್ದೇ ಹೇಳ್ತೀನಲ್ಲ" ಎನ್ನುತ್ತಿದ್ದ ಅವನು.

ಹೋದ ವರ್ಷ ಅವರ ಹಳೇ ರಿಸೀವರಿನಿಂದ ಸುಟ್ಟ ವಾಸನೆ ಬಂದು ಅದು ನಿಂತುಹೋಯಿತು. ರೆಕಾರ್ಡ್ ಪ್ಲೇಯರಿನ ಸೊರಗಿದ ಸದ್ದನ್ನು ಹಿಗ್ಗಿಸಿ ಎರಡು ಸ್ಪೀಕರಿಗೂ ಹಂಚುವ ಪೆಟ್ಟಿಗೆ ಅದು. ಅದಿಲ್ಲದಿದ್ದರೆ ಉಳಿದದ್ದೆಲ್ಲ ಬರೀ ಮರ ಮತ್ತು ತಂತಿ. ಒಳಗೆ ಸುಟ್ಟದ್ದಕ್ಕೆ ಬದಲಿ ಸಿಗುವುದಿಲ್ಲ ಎಂದರು. ಹೊಸದೋ ಹಳೆಯದೋ ಬೇರೆ ಕೊಳ್ಳಲೇಬೇಕು. ಎಲೆಕ್ಟ್ರಾನಿಕ್ ತಕ್ಕಡಿಗಳು ಬಂದ ಮೇಲೆ ಅವನ ಕಸುಬು ಅರ್ಧಕ್ಕಿಳಿದಿತ್ತು. ಒಂದು ಸಲ ಕೊಳ್ಳುವಷ್ಟು ಮಾತ್ರ ಕೈಯಲ್ಲಿದೆ, ತಪ್ಪಿದರೆ ಇನ್ನೊಂದು ಸಲ ಇಲ್ಲ ಎಂದು ಅವನೇ ಹೇಳಿದ. ಹಾಗಾಗಿ ಆತುರ ಬೇಡ, ಸರಿಯಾಗಿ ನೋಡಿ ಆರಿಸೋಣ ಎಂದುಕೊಂಡೆವು.

ಸರಿಯಾಗಿ ನೋಡುವುದೆಂದರೆ ಅವನಿಗೆ ಪ್ರಾಣ. ನನಗೂ ಅಷ್ಟೇ. ಅಂಗಡಿಯಲ್ಲಿ ಬಿದ್ದಿದ್ದ ಹಳೇ ಎಲೆಕ್ಟ್ರಾನಿಕ್ಸ್ ಪತ್ರಿಕೆಗಳನ್ನೆಲ್ಲ ಕೆಳಗಿಳಿಸಿ ಓದಿದೆ. ಅಗ್ಗದ ಹೊಸ ಪೆಟ್ಟಿಗೆಗಳಲ್ಲಿ ರೆಕಾರ್ಡ್ ಪ್ಲೇಯರಿನ ತಂತಿ ಸಿಕ್ಕಿಸಲೆಂದೇ ಇರುವ ತೂತು ಇರುವುದಿಲ್ಲ, ಮೊದಲು ಹಿಂಬದಿ ನೋಡಬೇಕು. ಸಣ್ಣ ಕೋಣೆಗೆ ನೂರು ವಾಟ್ ಬೇಡ, ಅದು ಜಂಬಕ್ಕೆ. ನಮ್ಮ ಸ್ಪೀಕರಿಗೆ ಹೊಂದುತ್ತದೆಯೇ ಎಂದು ಓಮ್ ಲೆಕ್ಕ ಕೇಳಬೇಕು. ಇಂಥದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡೆ. ಅವನು ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ಓದಿ, "ಇದೆಲ್ಲ ನೀನು ನೋಡ್ಕೊ. ಎರಡು ಕಡೆ ಸಮ ಇದ್ಯಾ ಅನ್ನೋದು ನಾನು ನೋಡ್ತೀನಿ" ಎಂದ. ಕೆಲಸ ಹಂಚಿಕೊಂಡೆವು. ಹಂಚಿಕೊಂಡದ್ದೇ ತಪ್ಪಾಯಿತು.

ಮೊದಲ ಅಂಗಡಿಯವನಿಗೆ ನಾವಿಟ್ಟ ಹೆಸರು ಗ್ಯಾರಂಟಿ. ಹಳೇ ಸಾಮಾನು ಮಾರುವವನು, ಆದರೆ ಪ್ರತಿ ಮಾತಿಗೂ ಗ್ಯಾರಂಟಿ ಎನ್ನುತ್ತಿದ್ದ. ಬೆಳ್ಳಿ ಬಣ್ಣದ ಮುಖ, ಎರಡು ಪಕ್ಕಕ್ಕೂ ಮರದ ಹಲಗೆ ಇದ್ದ ಒಂದು ರಿಸೀವರನ್ನು ಒರೆಸಿ ಮುಂದಿಟ್ಟ. ಹಿಂಬದಿಯಲ್ಲಿ ಬೇಕಾದ ತೂತು ಇತ್ತು. ವಾಟ್ ಸರಿ, ಓಮ್ ಸರಿ. ಬೆಲೆ ನಮ್ಮ ಕೈಗೆ ಎಟಕುತ್ತಿತ್ತು. ನನ್ನ ಚೀಟಿಯ ಎಲ್ಲ ಸಾಲಿಗೂ ಗೀಟು ಬಿತ್ತು. ಗೆಳೆಯ ಬಟ್ಟೆಯಲ್ಲಿ ಸುತ್ತಿ ತಂದಿದ್ದ ಎರಡು ಪಿಟೀಲಿನ ರೆಕಾರ್ಡನ್ನು ಹಾಕಿಸಿ, ಸ್ಟೂಲನ್ನು ಎರಡು ಸ್ಪೀಕರಿಗೂ ಸಮದೂರಕ್ಕೆ ಎಳೆದು ಕಣ್ಣು ಮುಚ್ಚಿ ಕೂತ.

ಅರ್ಧ ನಿಮಿಷವೂ ಆಗಿರಲಿಲ್ಲ. ಎದ್ದು ಎಡಬಲ ಸರಿದೂಗಿಸುವ ಗುಂಡಿಯನ್ನು ಎಡಕ್ಕೆ ತಿರುಗಿಸಿದ. ಮತ್ತೆ ಕೂತ. ಮತ್ತೆ ಎದ್ದು ಇನ್ನಷ್ಟು ತಿರುಗಿಸಿದ.

"ಎಡಗಡೆ ಸೊರಗಿದೆ" ಎಂದ.

"ಅಯ್ಯೋ ಸಾರ್, ಗ್ಯಾರಂಟಿ ಎರಡೂ ಸಮ" ಎಂದ ಅಂಗಡಿಯವನು.

"ನಿಮ್ಮ ಗ್ಯಾರಂಟಿ ವಾಲ್ತಿದೆ." ನಂತರ ನನ್ನ ಕಡೆ ತಿರುಗಿ, "ನಿನಗೆ ಹೇಗೆ ಕೇಳಿಸ್ತು?" ಎಂದ.

ನನಗೆ ಎರಡೂ ಸಮನಾಗಿ ಕೇಳಿಸಿತ್ತು. ಎಡಗಡೆಯ ಪಿಟೀಲು ನನ್ನ ಕಿವಿಯ ಪಕ್ಕ ಕೂತು ನುಡಿಸಿದಷ್ಟು ಸ್ಪಷ್ಟವಾಗಿತ್ತು. ಆದರೆ ಕೂದಲೆಳೆಯ ವ್ಯತ್ಯಾಸವನ್ನು ಬರಿಗಣ್ಣಿನಲ್ಲೇ ಹಿಡಿಯುವವನ ಎದುರು ನನ್ನ ಕಿವಿ ಯಾವ ಲೆಕ್ಕ ಎನ್ನಿಸಿತು. ಮೂವತ್ತು ವರ್ಷದಲ್ಲಿ ಅವನು ಒಂದು ಸಲವೂ ತಪ್ಪಿದ್ದನ್ನು ನಾನು ಕಂಡಿರಲಿಲ್ಲ.

"ಹೌದು, ಸ್ವಲ್ಪ ಕಮ್ಮಿ" ಎಂದೆ.

ಅದೇ ಆ ಸುಳ್ಳು. ಮೂರು ಪದ.

ಎರಡನೆಯದನ್ನು ಒಬ್ಬ ಮೇಷ್ಟರ ಮನೆಯಲ್ಲಿ ಕೇಳಿದೆವು. ಮೂರನೆಯದು ಹರಾಜಿಗೆ ಬಂದ ಸಾಮಾನಿನಲ್ಲಿತ್ತು. ಎರಡೂ ಕಡೆ ಅದೇ ಮಾತು. ಮೂರನೆಯದರ ಹೊತ್ತಿಗೆ ನನಗೂ ನಿಜವಾಗಿಯೇ ಎಡಗಡೆ ಕಮ್ಮಿ ಕೇಳಿಸತೊಡಗಿತು. ಒಬ್ಬನ ಮೇಲೆ ನಂಬಿಕೆಯಿದ್ದರೆ ಕಿವಿಯೂ ಅವನ ಪರ ಸಾಕ್ಷಿ ಹೇಳುತ್ತದೆ. ಈಗ ಅದನ್ನು ನೆನೆದರೆ ನನ್ನ ಕಿವಿಯನ್ನೇ ಕಿತ್ತೆಸೆಯಬೇಕೆನ್ನಿಸುತ್ತದೆ.

ನಾಲ್ಕನೆಯದು ಒಂದು ದೊಡ್ಡ ಅಂಗಡಿ. ಗೆಳೆಯ ಕುರ್ಚಿಯಲ್ಲಿ ಕೂತ ಕೂಡಲೇ ಕೈಯೆತ್ತಿದ.

"ಇದು ಬೇಡ. ಎಡಗಡೆ ಗುಂಯ್ ಅಂತಿದೆ."

ಅಂಗಡಿಯವಳು ವೈರನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. "ಸಾರ್, ಇನ್ನೂ ಪ್ಲಗ್ಗೇ ಹಾಕಿಲ್ಲ" ಎಂದಳು.

ವೈರಿನ ತುದಿಯನ್ನು ಎತ್ತಿ ತೋರಿಸಿದಳು. ಆಮೇಲೆ ಅವಳು ನಕ್ಕಳು, ನಾನು ನಕ್ಕೆ, ಅವನೂ ನಕ್ಕ. "ಪ್ಲಗ್ ಹಾಕೋಕೆ ಮುಂಚೇನೇ ದೋಷ ಹಿಡಿದುಬಿಟ್ಟೆ ನೋಡು" ಎಂದು ನನ್ನ ಬೆನ್ನಿಗೆ ಹೊಡೆದ. ಹೊರಗೆ ಕಂಬದ ಮೇಲೆ ಟ್ರಾನ್ಸ್‌ಫಾರ್ಮರ್ ಇದೆ, ಅದರ ಸದ್ದಿರಬೇಕು ಎಂದುಕೊಂಡೆವು. ಪ್ಲಗ್ ಹಾಕಿ ಕೇಳಿದ ಮೇಲೆ ಅದನ್ನೂ ಎಡಗಡೆ ಕಮ್ಮಿ ಎಂದೇ ಬೇಡವೆಂದ. ಪ್ಲಗ್ಗಿನ ಕಥೆಯನ್ನು ನಾನು ಮಾರುಕಟ್ಟೆಯಲ್ಲಿ ಹತ್ತು ಜನರಿಗೆ ತಮಾಷೆಯಾಗಿ ಹೇಳಿದೆ. ಹತ್ತು ಜನರೂ ನಕ್ಕರು. ಒಬ್ಬರೂ, ಆ ಸದ್ದು ಬೇರೆ ಹೊತ್ತಿನಲ್ಲೂ ಬರುತ್ತಾ ಎಂದು ಅವನನ್ನು ಕೇಳಲಿಲ್ಲ. ಬರುತ್ತಿತ್ತು.

ಬೇರೆ ಸೂಚನೆಗಳೂ ಇದ್ದವು. ಫೋನನ್ನು ಬಲಗಿವಿಗೆ ಬದಲಾಯಿಸಿಕೊಂಡ. ಎಡಗೈಗೆ ಕೆಲಸವಿರುತ್ತದಲ್ಲ ಎಂದ. ನಡೆಯುವಾಗ ಎಡಭುಜ ಬಾಗಿಲಿಗೆ ತಾಗುತ್ತಿತ್ತು. "ತಕ್ಕಡಿಯವನೇ ವಾಲಿದ್ರೆ ಊರಿನ ಗತಿ ಏನೋ" ಎಂದು ಈರುಳ್ಳಿಯವಳು ಛೇಡಿಸಿದಳು. ನಾವು ಎಲ್ಲದಕ್ಕೂ ನಗುತ್ತಿದ್ದೆವು.

ನಗದಿದ್ದವಳು ಅತ್ತಿಗೆ ಒಬ್ಬಳೇ. ಒಂದು ಮಧ್ಯಾಹ್ನ ಅಂಗಡಿಗೆ ಬಂದು, ಗೋಡೆಯಾಚೆ ಗಂಡ ಇದ್ದಾನೆಂದು ದನಿ ತಗ್ಗಿಸಿ ಹೇಳಿದಳು.

"ನಿಮ್ಮ ಸ್ನೇಹಿತರಿಗೆ ನಾನು ಬೇಡವಾಗಿದ್ದೀನಿ ಅಣ್ಣ."

"ಏನಾಯ್ತು ಅತ್ತಿಗೆ?"

"ಮಾತಾಡಿಸಿದ್ರೆ ಉತ್ತರ ಇಲ್ಲ. ಪಕ್ಕದಲ್ಲೇ ಕೂತಿರ್ತೀನಿ, ಗೋಡೆ ನೋಡ್ಕೊಂಡು ಕೂರ್ತಾರೆ. ಮೊದಲೂ ಕಮ್ಮಿ ಮಾತು, ಗೊತ್ತು. ಆದ್ರೆ ಇದು ಬೇರೆ. ಬೇಕಂತ್ಲೇ ಕಿವಿ ಮೇಲೆ ಹಾಕ್ಕೊಳ್ಳಲ್ಲ. ಎಷ್ಟು ದಿನ ಅಂತ ಒಬ್ಬಳೇ ಮಾತಾಡ್ಲಿ? ನಾನೂ ಬಿಟ್ಟಿದ್ದೀನಿ."

ನಾನು ಏನೋ ಸಮಾಧಾನ ಹೇಳಿ ಕಳಿಸಿದೆ. ಮರುದಿನ ಅವನು ಸೀಸ ಕರಗಿಸುತ್ತ ತಲೆ ಎತ್ತದೆ ಹೇಳಿದ:

"ಅವಳು ಮಾತು ಬಿಟ್ಟಿದ್ದಾಳೆ ಕಣೋ. ಯಾಕಂತ ಗೊತ್ತಿಲ್ಲ. ಕೇಳೋಕೆ ಭಯ. ಆ ಪೆಟ್ಟಿಗೆ ಬೇಗ ಸಿಗಬೇಕು. ಸಂಜೆ ಆರಕ್ಕೆ ಅದು ಹಾಡೋಕೆ ಶುರು ಮಾಡಿದ್ರೆ ಎಲ್ಲ ಮೊದಲಿನ ಹಾಗೆ ಆಗತ್ತೆ. ಇಲ್ಲದಿದ್ರೆ ಒಂದೇ ಮನೇಲಿ ಇಬ್ಬರು ಬಾಡಿಗೆಯವರ ಹಾಗೆ ಆಗ್ತೀವಿ."

ಅವನು ಅಂಥ ಮಾತು ಆಡುವವನಲ್ಲ. ಇನ್ನಷ್ಟು ಪತ್ರಿಕೆ ಓದಿದೆ, ಇನ್ನೆರಡು ವಿಳಾಸ ಹುಡುಕಿದೆ. ಐದನೆಯದಕ್ಕೆ ಒಂದು ಗಂಟೆ ಬಸ್ಸಿನಲ್ಲಿ ಹೋದೆವು. ಆರನೆಯದರ ಬಳಿ ಅವನು ಗುಂಡಿಯನ್ನು ಪೂರ್ತಿ ಎಡಕ್ಕೆ ತಿರುಗಿಸಿಯೂ "ಸಾಲದು" ಎಂದ. ಆಗ ಬಲಗಡೆಯ ಸ್ಪೀಕರಿನಲ್ಲಿ ಸದ್ದೇ ಇರಲಿಲ್ಲ. ನಾನು ನಿಂತು ನೋಡಿದೆ, ಸುಮ್ಮನಿದ್ದೆ. ದಾರಿಯಲ್ಲಿ ಅವನು ಒಂದು ಗೋಡೆ ಹಿಡಿದು ನಿಂತ. ಬಸ್ಸಿನ ಕುಲುಕಾಟ ಎಂದ.

ಏಳನೆಯದು ರೇಡಿಯೋ ಅಕ್ಕನ ಅಂಗಡಿಯಲ್ಲಿ. ಅರವತ್ತು ದಾಟಿದ ಹೆಂಗಸು. ಗಂಡನಿಂದ ಕಲಿತ ಕೆಲಸವನ್ನು ಗಂಡನಿಗಿಂತ ಚೆನ್ನಾಗಿ ಮಾಡುತ್ತಾಳೆ ಎಂದು ಹೆಸರು. ಎಲ್ಲರಿಗೂ ಅವಳು ಅಕ್ಕನೇ. ಕಪ್ಪು ಮುಖದ ಒಂದು ರಿಸೀವರನ್ನು ಅವಳೇ ಬಿಚ್ಚಿ ಸರಿಮಾಡಿಟ್ಟಿದ್ದಳು. ಗೆಳೆಯ ಕೂತು ಕೇಳಿ, ಎಂದಿನ ಮಾತು ಹೇಳಿದ.

ಅವಳಿಗೆ ಸಿಟ್ಟು ಬಂತು. "ನಾನು ಕೈಯಾರೆ ಕಟ್ಟಿರೋದು ಯಜಮಾನ್ರೇ. ಎಡ ಕಮ್ಮಿ ಅಂತೀರಾ?"

"ಕಮ್ಮಿ ಅಕ್ಕ. ನನ್ನ ಕಸುಬೇ ಅದು."

"ನನ್ನ ಕಸುಬೂ ಅದೇ" ಎಂದು ಅವಳು ಮೇಜಿನಡಿಯಿಂದ ಒಂದು ಮೀಟರ್ ತೆಗೆದಳು. ಗಾಜಿನ ಮುಖದೊಳಗೆ ಒಂದು ಮುಳ್ಳು. ಅಳತೆಗೆಂದೇ ಇರುವ ಒಂದೇ ಮಟ್ಟದ ಸದ್ದನ್ನು ಒಳಗೆ ಬಿಟ್ಟು, ಎಡಗಡೆಯ ತಂತಿಗೆ ಮೀಟರ್ ಹಚ್ಚಿದಳು. ಮುಳ್ಳು ಒಂದು ಗೀಟಿನ ಮೇಲೆ ನಿಂತಿತು. ಬಲಗಡೆಯ ತಂತಿಗೆ ಹಚ್ಚಿದಳು. ಅದೇ ಗೀಟು.

ನನ್ನ ಗೆಳೆಯ ಬಾಗಿ ನೋಡಿದ. ಮನುಷ್ಯರ ಮಾತನ್ನು ಅವನು ನಂಬದೆ ಇರಬಹುದು. ಮುಳ್ಳನ್ನು ನಂಬದೆ ಇರಲಾರ. ಇನ್ನೊಂದು ಸಲ ಹಚ್ಚಲು ಹೇಳಿದ. ಮತ್ತೆ ಅದೇ.

"ಅಕ್ಕ, ಕಿವಿಗೆ ಹಾಕ್ಕೊಳ್ಳೋದು ಇದ್ಯಾ?"

ಅವಳು ಹೆಡ್‌ಫೋನ್ ಕೊಟ್ಟಳು. ರೆಕಾರ್ಡು ಮೊದಲಿನಿಂದ ಶುರುವಾಯಿತು. ಅವನು ಕಣ್ಣು ಮುಚ್ಚಿ ಕೇಳಿದ. ಆಮೇಲೆ ಹೆಡ್‌ಫೋನ್ ತೆಗೆದು, ಬಲದ್ದನ್ನು ಎಡಕ್ಕೆ, ಎಡದ್ದನ್ನು ಬಲಕ್ಕೆ ಬರುವಂತೆ ತಿರುಗಿಸಿ ಹಾಕಿಕೊಂಡ. ಮೂವತ್ತು ವರ್ಷ ತಟ್ಟೆಗಳಲ್ಲಿ ಮಾಡಿದ್ದನ್ನು ಆವತ್ತು ಮೊದಲ ಸಲ ತನ್ನ ತಲೆಯ ಮೇಲೆ ಮಾಡಿದ. ಅವನ ಮುಖ ನೋಡುತ್ತಿದ್ದ ನನಗೆ, ಅವನು ಬಾಯಿ ಬಿಡುವ ಮೊದಲೇ ಗೊತ್ತಾಯಿತು.

"ಬದಲಾಯಿಸಿದ್ರೂ ಅದೇ ಕಡೆ" ಎಂದ. "ದಂಡ ಕೆಟ್ಟಿದೆ ಕಣೋ."

ರೇಡಿಯೋ ಅಕ್ಕನಿಗೆ ಅರ್ಥವಾಗಲಿಲ್ಲ. ನನ್ನ ಮುಖ ನೋಡಿದಳು. ನಾನು ಅಲ್ಲಿಂದ ಎದ್ದು ಹೊರಗೆ ಬೀದಿಗೆ ಬಂದು ನಿಂತೆ. ಒಳಗೆ ಅವನು ಅವಳಲ್ಲಿ ಕ್ಷಮೆ ಕೇಳುತ್ತಿದ್ದದ್ದು ಕೇಳಿಸಿತು. "ನಿಮ್ಮ ಪೆಟ್ಟಿಗೆ ಸಾಚಾ ಅಕ್ಕ. ಉಳಿದ ಆರೂ ಸಾಚಾನೇ ಇದ್ದಿರಬೇಕು."

ಅವನು ಆ ರಿಸೀವರನ್ನು ಅಲ್ಲೇ ಕೊಂಡ. ಬೇಡ, ಮೊದಲು ಡಾಕ್ಟರ ಹತ್ತಿರ ಹೋಗೋಣ ಎಂದೆ. "ಡಾಕ್ಟರ್ ನಾಳೆ. ಇದು ಇವತ್ತು" ಎಂದ. ಪೆಟ್ಟಿಗೆಯನ್ನು ಇಬ್ಬರೂ ಆಚೀಚೆ ಹಿಡಿದು ಮನೆಯ ಮೆಟ್ಟಿಲು ಹತ್ತಿಸಿದೆವು. ಅತ್ತಿಗೆ ಮಾತಾಡದೆ ಬಾಗಿಲು ತೆರೆದಳು. ಅವನು ಪೆಟ್ಟಿಗೆ ಕೆಳಗಿಟ್ಟು ಅವಳಿಗೆ ಹೇಳಿದ:

"ನನಗೆ ಎಡಗಿವಿ ಕೇಳಿಸ್ತಿಲ್ಲ. ಇವತ್ತು ಗೊತ್ತಾಯ್ತು."

ಅವಳು ಅವನನ್ನು ನೋಡಿದಳು. ಬೆಂಚನ್ನು ನೋಡಿದಳು. ಬೆಂಚಿನ ಎಡಗಡೆ, ಅವಳ ಜಾಗದಲ್ಲಿ, ಸೂಜಿ ಚುಚ್ಚಿಟ್ಟ ಅಂಗಿಯೊಂದು ಮಡಚಿ ಬಿದ್ದಿತ್ತು.

"ನಾನು ಮಾತಾಡಿದ್ದು?"

"ಯಾವಾಗ ಮಾತಾಡಿದೆ? ನೀನೇ ಮಾತು ಬಿಟ್ಟಿದ್ಯಲ್ಲ."

ಅವಳು ಅಲ್ಲೇ ನೆಲಕ್ಕೆ ಕುಸಿದು ಕೂತಳು. ಅಂಥ ಅಳುವನ್ನು ನಾನು ಬೇರೆಲ್ಲೂ ಕೇಳಿಲ್ಲ. ಅವನಿಗೆ ಅದು ಪೂರ್ತಿ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ.

ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿದಾಗ ಗೆಡ್ಡೆ ಪತ್ತೆಯಾಯಿತು. ಅದು ಕಿವಿಯಿಂದ ಮಿದುಳಿಗೆ ಹೋಗುವ ನರದ ಮೇಲಿತ್ತು, ಮಿದುಳನ್ನು ಒತ್ತುತ್ತಿತ್ತು. ಶಸ್ತ್ರಚಿಕಿತ್ಸೆ ಮಾಡಲೇಬೇಕು, ಎಡಗಿವಿ ಹೇಗೂ ಉಳಿಯುವುದಿಲ್ಲ ಎಂದರು. ನಾನು ಡಾಕ್ಟರನ್ನು ಕಾರಿಡಾರಿನಲ್ಲಿ ಅಡ್ಡಗಟ್ಟಿ ಕೇಳಿದೆ: ಐದು ತಿಂಗಳು ಮೊದಲೇ ಬಂದಿದ್ದರೆ? ಅವರು ಒಳ್ಳೆಯ ಮನುಷ್ಯ, ಸುಳ್ಳು ಹೇಳಲಿಲ್ಲ. "ಗೆಡ್ಡೆ ಸಣ್ಣದಿರ್ತಿತ್ತು. ಸಣ್ಣದಿದ್ದಷ್ಟೂ ಒಳ್ಳೇದು. ಆದರೆ ಅಷ್ಟರಿಂದಲೇ ಎಲ್ಲ ಬದಲಾಗ್ತಿತ್ತು ಅಂತ ನಾನು ಹೇಳಲಾರೆ." ಹೌದು ಎಂದಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದೆ, ಇಲ್ಲ ಎಂದಿದ್ದರೆ ನಿದ್ದೆ ಮಾಡುತ್ತಿದ್ದೆ. ಈಗ ಎರಡೂ ಇಲ್ಲ.

ಆ ದಿನ ಅಂಗಡಿಗೆ ಹೋಗಿ ಕಪಾಟುಗಳನ್ನೆಲ್ಲ ತಡಕಾಡಿದೆ. ಮನೆವೈದ್ಯದ ದಪ್ಪ ಪುಸ್ತಕವೊಂದು ಮೂರನೆಯ ಸಾಲಿನಲ್ಲಿತ್ತು, ನಾನು ಪತ್ರಿಕೆ ಓದುತ್ತಿದ್ದ ಕುರ್ಚಿಯಿಂದ ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಕಿವಿಯ ಅಧ್ಯಾಯದಲ್ಲಿ ನಾಲ್ಕೇ ಸಾಲು: ಒಂದೇ ಕಿವಿ ಮೆಲ್ಲಗೆ ಮಂದವಾಗುವುದು, ಅದೇ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ನಡೆಯುವಾಗ ಆಯ ತಪ್ಪುವುದು, ತಡಮಾಡದೆ ವೈದ್ಯರನ್ನು ಕಾಣಬೇಕು. ಆ ಪುಸ್ತಕವನ್ನು ಹಲವು ವರ್ಷಗಳ ಹಿಂದೆ ತೂಕಕ್ಕೆ ಕೊಂಡಿದ್ದೆ. ತೂಗಿದ್ದು ಅವನು ಸರಿಮಾಡಿಕೊಟ್ಟ ತಕ್ಕಡಿಯಲ್ಲಿ.

ಶಸ್ತ್ರಚಿಕಿತ್ಸೆಗೆ ಎರಡು ವಾರ ಕಾಯಬೇಕಿತ್ತು. ಆ ಎರಡು ವಾರ ಅವರು ಪ್ರತಿ ಸಂಜೆ ಆರಕ್ಕೆ ಬೆಂಚಿನ ಮೇಲೆ ಕೂತರು. ಜಾಗ ಬದಲಾಯಿಸಿಕೊಂಡಿದ್ದರು, ಈಗ ಅವಳು ಬಲಕ್ಕೆ. ನಿಲ್ಲಿಸದೆ ಮಾತಾಡುತ್ತಿದ್ದಳು, ನುಂಗಿಕೊಂಡಿದ್ದ ಮಾತನ್ನೆಲ್ಲ. ಹಾಲಿನವನ ಸುದ್ದಿ, ಟೈಲರನ ಹೆಂಡತಿಯ ಸುದ್ದಿ, ಕೆಳಗಿನ ಲಾಂಡ್ರಿಯಲ್ಲಿ ಯಾರದೋ ಷರಟು ಸುಟ್ಟ ಸುದ್ದಿ. ಅವನು ಒಂದಕ್ಕೂ ಹೂಂ ಎನ್ನದೆ ಬಿಡಲಿಲ್ಲ.

ನಾನು ರಿಸೀವರಿನ ಗುಂಡಿಯನ್ನು ಎಡಕ್ಕೆ ತಿರುಗಿಸಹೋದೆ, ಅವನಿಗೆ ಸ್ವಲ್ಪವಾದರೂ ಹೆಚ್ಚು ಕೇಳಿಸಲಿ ಎಂದು. ಅವನು ಗದರಿದ.

"ಮುಟ್ಟಬೇಡ. ನಡುವೆಯೇ ಇರಲಿ. ಕೆಟ್ಟಿರೋದು ನಾನು, ಅದನ್ನ ಯಾಕೆ ಕೆಡಿಸ್ತೀಯ?"

ಎರಡು ಪಿಟೀಲಿನ ರೆಕಾರ್ಡು ಹಾಕಿದಾಗ ಎಡಗಡೆಯದು ಅವನಿಗೆ ದೂರದ ಬೀದಿಯಲ್ಲಿ ಎಲ್ಲೋ ನುಡಿಸಿದಂತೆ ಕೇಳಿಸುತ್ತಿತ್ತಂತೆ. ಅದು ನುಡಿಯುವಾಗೆಲ್ಲ ಅತ್ತಿಗೆ ಅವನ ಮೊಣಕೈ ಒತ್ತುತ್ತಿದ್ದಳು. "ಈಗ ನಾನು ಕೇಳ್ತಿದ್ದೀನಿ." ಕೈ ಬಿಡುತ್ತಿದ್ದಳು. "ಈಗ ನೀವು."

ಆಸ್ಪತ್ರೆಗೆ ಹೋಗುವ ಬೆಳಿಗ್ಗೆ ನನ್ನನ್ನು ಕರೆದು, ಗಾಜಿನ ಪೆಟ್ಟಿಗೆಯ ತಕ್ಕಡಿಯ ಬೀಗದ ಕೈ ಕೊಟ್ಟ. "ಧೂಳು ಒರೆಸ್ತಿರು. ಬರಿಗೈ ಹಾಕಬೇಡ." ಶಸ್ತ್ರಚಿಕಿತ್ಸೆ ಮುಗಿಯಿತು. ಒಂದು ಸಲ ಕಣ್ಣು ತೆರೆದ, ಅತ್ತಿಗೆ ಬಲಗಡೆಗೆ ಬಂದು ಏನೋ ಹೇಳಿದಳು, ಹೂಂ ಎಂದ. ಆಮೇಲೆ ಮಿದುಳಿನಲ್ಲಿ ಬಾವು ಬಂತು. ಒಂಬತ್ತನೆಯ ದಿನ ಹೋದ.

ಹೋದ ವಾರ ಅತ್ತಿಗೆ ಹೇಳಿಕಳಿಸಿದಳು. ಹೋದಾಗ ಸಂಜೆ ಆರಕ್ಕೆ ಹತ್ತಿರ. ರೆಕಾರ್ಡ್ ಪ್ಲೇಯರಿನ ಮುಚ್ಚಳ ತೆರೆದಿತ್ತು, ರಿಸೀವರಿನ ದೀಪ ಉರಿಯುತ್ತಿತ್ತು. ಅವಳು ಬೆಂಚಿನ ಬಲಗಡೆ ಕೂತಿದ್ದಳು.

"ಒಂದು ಮಾತು ಕೇಳ್ತೀನಿ. ನಿಜ ಹೇಳ್ಬೇಕು ಅಣ್ಣ."

"ಕೇಳಿ."

"ಆ ಮೊದಲನೇ ಅಂಗಡೀಲಿ. ನಿಮಗೂ ಎಡಗಡೆ ಕಮ್ಮಿ ಕೇಳಿಸ್ತು ಅಂತ ಇವರು ಬಂದು ಹೇಳಿದ್ರು. ಇಬ್ಬರಿಗೂ ಹಾಗೇ ಅನ್ನಿಸಿದ ಮೇಲೆ ಇನ್ನೇನು ಅಂದ್ರು. ಕೇಳಿಸ್ತಾ ನಿಮಗೆ?"

ಸುಳ್ಳು ಹೇಳಲು ಆಗಲೂ ಅವಕಾಶವಿತ್ತು. ಅವಳ ಹಿಂದೆ ಕಿಟಕಿಯ ಗೂಡಿನಲ್ಲಿ ಅವನ ಅರ ಮತ್ತು ಕನ್ನಡಕ ಇದ್ದವು.

"ಇಲ್ಲ ಅತ್ತಿಗೆ. ಸಮವಾಗಿತ್ತು."

ಅವಳು ತಲೆಯಾಡಿಸಿದಳು. ಮೊದಲೇ ಗೊತ್ತಿದ್ದವಳಂತೆ.

"ನೀವು ಸಮ ಅಂದು, ಆವತ್ತೇ ಆ ಪೆಟ್ಟಿಗೆ ತಂದಿದ್ರೆ, ಸಂಜೆ ಇಲ್ಲಿ ಪಕ್ಕದಲ್ಲಿ ನಾನು ಕೂತಿರ್ತಿದ್ದೆ" ಎಂದಳು. "ಅವರು ಎಡ ಕಮ್ಮಿ ಅಂದಾಗ, ಎರಡೂ ಸರಿಯಾಗೇ ಇದ್ಯಲ್ರೀ ಅಂತ ಜಗಳ ಆಡ್ತಿದ್ದೆ. ನಾನು ಅವರ ಹತ್ರ ಜಗಳಕ್ಕೆ ಹೆದರಿದವಳಲ್ಲ."

ನಾನು ಹೆದರಿದ್ದೆ. ಹೊರಡಲು ಎದ್ದೆ. ಅವಳು ಹೋಗಿ ಎನ್ನಲಿಲ್ಲ, ಕೂರಿ ಎಂದೂ ಅನ್ನಲಿಲ್ಲ. ಎದ್ದು ಹೋಗಿ ರೆಕಾರ್ಡಿನ ಮೇಲೆ ಮುಳ್ಳು ಇಳಿಸಿ ತನ್ನ ಜಾಗಕ್ಕೆ ಬಂದಳು. ಬೆಂಚಿನಲ್ಲಿ ಎಡಗಡೆಯ ಜಾಗವೊಂದೇ ಖಾಲಿಯಿತ್ತು. ನಾನು ಅಲ್ಲಿ ಕೂರಲಾರದೆ ಬಾಗಿಲ ಬಳಿಯೇ ನಿಂತೆ.

ಎಡಗಡೆಯ ಪಿಟೀಲು ಶುರುವಾಯಿತು. ತುಂಬ ಸ್ಪಷ್ಟವಾಗಿತ್ತು. ಮೊದಲ ದಿನ ಆ ಅಂಗಡಿಯಲ್ಲೂ ಇಷ್ಟೇ ಸ್ಪಷ್ಟವಾಗಿತ್ತು.